ಸ್ಪೀಕರ್ ಬುಡದ ಚಪ್ಪಲಿ

ನಾನು ಮಾರಿದ ಜೋಡಿ ಸ್ಪೀಕರ್ ಹಾಡಿದರೆ ಶೋಕೇಸಿನ ಸ್ಟೀಲ್ ಸಾಮಾನೆಲ್ಲ ಗಡಗಡ ಅಂತಾವೆ ಎಂದು ಮರಳಿ ಎಂಬ ಊರಿನಿಂದ ಫೋನು ಬಂತು. ಹೋದ ಕೂಡಲೇ ಆ ಮನೆಯ ಅಜ್ಜಿ, "ಛಲೋ ಮಾಡ್ರಿ, ಇಲ್ಲಂದ್ರ ವಾಪಸ್ ಒಯ್ರಿ" ಅಂದರು.

ಸ್ಪೀಕರಿಗೆ ಏನೂ ಆಗಿರಲಿಲ್ಲ. ಶೋಕೇಸಿನ ಮೇಲೆ ಇಟ್ಟಿದ್ದರಿಂದ ಅದರ ನಡುಕ ಕೆಳಗಿನ ಹಲಗೆಗೆ ಇಳಿದು, ಅಲ್ಲಿ ಪೇರಿಸಿಟ್ಟ ಮದುವೆಯ ತಟ್ಟೆ ಲೋಟಗಳನ್ನೆಲ್ಲ ಕುಣಿಸುತ್ತಿತ್ತು. ನಡುವೆ ಮೆತ್ತನೆಯದು ಏನಾದರೂ ಬೇಕಿತ್ತು. ಹಳೆ ಬಟ್ಟೆ ಮಡಚಿಟ್ಟು ನೋಡಿದೆ, ಸಾಲಲಿಲ್ಲ. ಕಿರಾಣಿ ಅಂಗಡಿಯಿಂದ ಹೊಸ ಹವಾಯಿ ಚಪ್ಪಲಿ ತಂದು, ಕತ್ತರಿಸಿ, ಸ್ಪೀಕರಿನ ಬುಡಕ್ಕೆ ಮೂಲೆಗೊಂದು ತುಂಡು ಇಟ್ಟೆ. ಸಪ್ಪಳ ಗಪ್ಪಾಯಿತು.

ಅಜ್ಜಿಯ ಮುಖ ಮಾತ್ರ ಗಂಟಾಯಿತು. "ದಿನಾ ಮುಂಜಾನಿ ಇದರಾಗ ಭಜನಿ ಹಚ್ಚತೀವಿ. ದೇವರ ಹಾಡಿನ ಬುಡಕ ಚಪ್ಪಲ್ ಇಡ್ತೀರೇನ್ರಿ?"

"ಹೊಸಾವ್ರಿ ಅಮ್ಮಾರ, ಯಾರೂ ಕಾಲಾಗ ಹಾಕ್ಕೊಂಡಿಲ್ಲ."

"ಹಾಕ್ಕೊಳ್ಳದಿದ್ರೇನು, ಚಪ್ಪಲ್ ಅಂದ್ರ ಚಪ್ಪಲ್ನ."

ಸೊಸೆ ನಡುವೆ ಬಾಯಿ ಹಾಕಿದರು. "ಅತ್ತಿ, ಭಜನಿ ಹಚ್ಚುಮುಂದ ತಗದ್ರಾತು. ಸಿನಿಮಾ ಹಾಡಿಗೆ ಮತ್ತ ಇಟ್ರಾತು."

ಅಜ್ಜಿ ಒಪ್ಪಿದರು. ಆದರೆ ನನ್ನ ಚಿಂತೆ ಬೇರೆ. ಚಪ್ಪಲಿ ತೆಗೆದರೆ ಮತ್ತೆ ಗಡಗಡ, ಮತ್ತೆ ವಾಪಸ್! ಅಷ್ಟರಲ್ಲಿ ಸೊಸೆ ತುಂಡುಗಳನ್ನು ತೆಗೆದು ಭಜನೆ ಹಚ್ಚಿಯೇಬಿಟ್ಟರು. ತಟ್ಟೆ ಲೋಟ ಎಲ್ಲ ಒಟ್ಟಿಗೆ ಗಡಗಡ ಶುರುಮಾಡಿದವು. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ.

ಅಜ್ಜಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಈಗ ನೋಡ್ರಿ, ತಾಳ ಕೂಡಿ ಬಂತು."

ಈಗ ಯಾವ ಗಿರಾಕಿ ಫೋನು ಮಾಡಿ ಸ್ಪೀಕರ್ ಸಪ್ಪಳ ಮಾಡತೈತಿ ಅಂದರೂ ನಾನು ಮೊದಲು ಕೇಳುವುದು ಒಂದೇ: "ಯಾವ ಹಾಡಿಗ್ರಿ?"