ಹಸಿರು ಬಳೆಗೆ ಅಂಜಿದ ಓಣಿ

ಬಬಲೇಶ್ವರದ ಆ ಓಣಿಯಲ್ಲಿ ಶಹಜಾದಿ ಬಳೆ ಇಡದ ಕೈ ಇರಲಿಲ್ಲ. ಬಳೆಯ ಮಲಾರ ಹೆಗಲಿಗೇರಿಸಿ ಅವಳು ಬಂದಳೆಂದರೆ ಹೆಂಗಸರು ಒಲೆಯ ಮೇಲಿನ ಸಾರು ಮರೆತು ಕಟ್ಟೆಗೆ ಬಂದು ಕೂಡುವರು. ಗೆಣ್ಣು ಹಿಚುಕಿ, ಬೈದು, ನಗಿಸಿ ಬಳೆ ಏರಿಸುವಳು. ಇಡಿಸಿಕೊಂಡವರು ಅವಳಿಗೆ ಕೈಮುಗಿದು ಏಳುವುದು ರೂಢಿ. ಮುತ್ತೈದೆತನ ಕೊಡುವ ಕೈಯ ಜಾತಿಯನ್ನು ಯಾರೂ ಕೇಳಿರಲಿಲ್ಲ.

ಸೀತವ್ವನ ಕೈಗಂತೂ ತೊಟ್ಟಿಲಲ್ಲಿದ್ದಾಗಲೇ ಕರಿಬಳೆ ಇಟ್ಟವಳು ಅವಳು. ತಾಯಿಯಿಲ್ಲದ ಆ ಹುಡುಗಿ ಈಗ ಬಸುರಿ. ಗಂಡ ರಾಯಪ್ಪ ಮಿಲಿಟರಿಯಲ್ಲಿದ್ದ. ಏಳನೇ ತಿಂಗಳ ಕುಬಸಕ್ಕೆ ಅವಳ ಕೈತುಂಬ ಹಸಿರು ಬಳೆ ಇಡಬೇಕು, ಶಹಜಾದಿಗೆ ಇದ್ದದ್ದು ಇದೊಂದೇ ಆಸೆ.

ಅಷ್ಟರಲ್ಲಿ ಪಾಕಿಸ್ತಾನದ ಜೊತೆ ಅರವತ್ತೈದರ ಯುದ್ಧ ಬಂತು. ಬೆನ್ನಿಗೇ ಒಂದು ಮಾತೂ ಬಂತು: ಸಾಬರಾಕಿ ಬಳೆಗೆ ಏನೋ ಊದಿ ಇಡುತ್ತಾಳಂತೆ, ಅದನ್ನು ಇಟ್ಟುಕೊಂಡವರ ಗಂಡಂದಿರು ಉಳಿಯುವುದಿಲ್ಲವಂತೆ. ಹಾಗಂದವರ ನಾಲಿಗೆ ಬಿದ್ದುಹೋಗಲಿ! ಬಿಜಾಪುರದ ಬಸ್ಸಿನಲ್ಲಿ ಬಂದ ಮಾತೆಂದರು ಕೆಲವರು, ಟಿಕೋಟಾ ಸಂತೆಯದೆಂದರು ಕೆಲವರು. ಆಡಿದವರು ಮಾತ್ರ ಯಾರೂ ಇಲ್ಲ.

ಮರುದಿನ ನಡುಮಧ್ಯಾಹ್ನ ಶಹಜಾದಿ ಓಣಿಗಿಳಿದಾಗ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಕೂಸಿನ ಅಳುವೂ ಇಲ್ಲ. "ಬಳೀ..." ಎಂದು ಕೂಗಿದಳು. ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತದ್ದು ಅವಳಿಗೆ ಕೇಳಿಸಿತು. ತಿಪ್ಪೆಯ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟಳು. ಬಿಸಿಲಿಗೆ ಹಸಿರು ಗಾಜಿನ ಚೂರುಗಳು ರಾಶಿಯಾಗಿ ಹೊಳೆಯುತ್ತಿದ್ದವು. ಗಂಡ ಉಳಿಯಲೆಂದು, ಗಂಡ ಸತ್ತಾಗ ಮಾಡುವುದನ್ನೇ ಮಾಡಿಕೊಂಡಿದ್ದರು ಆ ಹುಚ್ಚಿಯರು! ಅಷ್ಟರಲ್ಲಿ ಒಂದು ಬಾಗಿಲು ಸ್ವಲ್ಪ ಸರಿದು, ಕೈಯೊಂದು ಹೊರಗೆ ಚಾಚಿ ನೀರು ಚೆಲ್ಲಿತು. ಬೋಳು ಕೈ, ಮಣಿಕಟ್ಟಿಗೆ ಬಳೆಯ ಬದಲು ಅರಿಶಿನದ ದಾರ.

ಮನೆಗೆ ಬಂದು ಗಂಡ ಇಸ್ಮಾಯಿಲನಿಗೆ ಹೇಳಿದಳು.

"ನಮ್ಮನ್ನ ಕಂಡು ಅಂಜ್ಯಾರ ನೋಡ್ರಿ. ದೆವ್ವಕ್ಕ ಅಂಜಿದ್ರ ದೆವ್ವದಂಜಿಕಿ ಅಂತಾರ. ಇದಕ್ಕೇನಂತಾರ?"

"ಅಂಜಿಕಿ ಅನಬ್ಯಾಡ," ಎಂದ ಇಸ್ಮಾಯಿಲ. "ಅಂಜಿದವರು ತಾವು ಓಡಿಹೋಗ್ತಾರ. ಇವರು ಒಳಗ ಕುಂತು ನಿನ್ನ ಹೊರಗ ಹಾಕ್ಯಾರ. ಅಂಜಿಕಿ ಅಂದ್ರ ಅವರ ಮ್ಯಾಲ ನಮಗs ಕರುಣಾ ಬರತೈತಿ."

"ಹಂಗಾದ್ರ ಹಗಿತನ ಅನ್ನೂಣೇನು? ನನ್ನ ಕೈಯಾಗ ಬೆಳದಾವ್ರಿ ಆ ಹುಡುಗ್ಯಾರು."

ಅವನಿಗೂ ಹೆಸರು ಸಿಗಲಿಲ್ಲ. ಹೆಸರಿಲ್ಲದ್ದನ್ನು ಬೈಯುವುದಾದರೂ ಹೇಗೆ?

ಕುಬಸದ ಮುಂಜಾನೆ, ಓಣಿಯ ಕೊನೆಯಲ್ಲಿದ್ದ ಶಹಜಾದಿಯ ಮನೆಗೆ ಸೀತವ್ವ ತಾನೇ ಬಂದಳು. ಹಿಂದೆ ಏದುಸಿರು ಬಿಡುತ್ತ ಅತ್ತೆ ತಿಪ್ಪವ್ವ. ಈಗ ಎಲ್ಲ ಬಾಗಿಲುಗಳೂ ತೆರೆದಿದ್ದವು. ಹೊಸ್ತಿಲು ಹೊಸ್ತಿಲಿಗೂ ಹೆಂಗಸರು ನಿಂತಿದ್ದರು.

"ಇಡು ಯವ್ವಾ," ಎಂದು ಸೀತವ್ವ ಶಹಜಾದಿಯ ಮುಂದೆ ಬೋಳು ಕೈ ಚಾಚಿದಳು. "ಯಾರೇನಂತಾರೋ ನೋಡೂಣು."

ಶಹಜಾದಿಯ ಜೀವ ಅರಳಿತು. ಕೈ ಎಳೆದುಕೊಂಡು ಹಸಿರು ಬಳೆಯನ್ನು ಗೆಣ್ಣಿನವರೆಗೆ ತಂದಳು. ಗಾಜು ಎಂದಮೇಲೆ ಏರಿಸುವಾಗ ಒಂದೆರಡು ಒಡೆಯುವುದು ದಿನದ ಮಾತು. ಇವತ್ತು ಒಡೆದರೆ? ನಾಳೆ ಗಡಿಯಿಂದ ತಂತಿ ಬಂದರೆ? ಓಣಿಯ ಕಣ್ಣುಗಳೆಲ್ಲ ತನ್ನ ಬೆರಳಿನ ಮೇಲಿದ್ದವು. ಬಳೆ ಹಿಡಿದ ಆ ಕೈ ಬೇರೆ ಯಾರದೋ ಅನಿಸಿತು. ಅವರಂದದ್ದು ಖರೇ ಇದ್ದರೆ?

ಅವಳು ಬಳೆಯನ್ನು ಹಿಂದಕ್ಕೆ ತೆಗೆದಳು.

"ಒಲ್ಲೆ ಮಗಳs. ನನ್ನ ಕೈಗೆ ನಾನs ಅಂಜಾಕತ್ತೇನಿ."

ಸೀತವ್ವ ಚಾಚಿದ ಕೈ ಮಡಚಲಾರದೆ ಅಳತೊಡಗಿದಳು. ತಿಪ್ಪವ್ವ ಮಾತ್ರ ಎಷ್ಟೋ ದಿನದ ಮೇಲೆ ಶಹಜಾದಿಯ ಮುಖ ನೋಡಿ ನಕ್ಕಳು. ಹತ್ತಿರ ಬಂದು ಅವಳ ಭುಜ ಸವರಿದಳು.

"ಶಾಣ್ಯಾಕಿ ಅದಿ ಬಿಡವಾ," ಎಂದಳು. "ಕಡೀಕ ನಿನಗೂ ತಿಳೀತಲ್ಲ."