ಸಿಂಹ ಬಿಚ್ಚಲಾರದ ಗಂಟು

ಶನಿವಾರ ಬೆಳಗ್ಗೆ ಆರೂಕಾಲಿಗೆ ಡಾಲಸ್ ಪಕ್ಕದ ಮರ್ಫಿ ಊರು ಬಿಟ್ಟಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಒಂದು ಸಿಂಹದ ತಲೆ ಕೂತಿತ್ತು. ಬಿದಿರಿನ ಚೌಕಟ್ಟು, ಮೇಲೆ ಕಾಗದ, ಹಳದಿ ತುಪ್ಪಳ, ದಾರ ಎಳೆದರೆ ಮಿಟುಕುವ ರೆಪ್ಪೆಗಳು. ಬೀಳದಿರಲಿ ಎಂದು ಅದಕ್ಕೂ ಸೀಟ್ ಬೆಲ್ಟ್ ಹಾಕಿದ್ದೆವು.

“ಗಡ್ಡ ಇದೆ, ಮೀಸೆ ಇದೆ, ಮಾತಿಲ್ಲ. ಥೇಟ್ ನಮ್ಮನೆಯವರೇ,” ಎಂದಳು ರೇಖಾ, ಕನ್ನಡಿಯಲ್ಲಿ ಅದನ್ನು ನೋಡುತ್ತ.

ರೇಖಾ ಮೈಸೂರಿನಲ್ಲಿ ನನ್ನ ಜೊತೆ ಓದಿದವಳು. ಪ್ಲೇನೋದಲ್ಲಿ ಕೆಲಸ, ಮರ್ಫಿಯಲ್ಲಿ ಮನೆ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವ ನಾನು ರಜೆ ಹಾಕಿ ಎರಡು ತಿಂಗಳಿಗೆಂದು ಅವಳಲ್ಲಿಗೆ ಬಂದಿದ್ದೆ. ಸಿಂಹದ ಪಕ್ಕ ಕೂತಿದ್ದ ಮಿಸೆಸ್ ಚಾನ್ ಅವಳ ನೆರೆಯವರು. ವಯಸ್ಸು ಎಪ್ಪತ್ತರ ಹತ್ತಿರ, ಸಂಧಿವಾತದಿಂದ ಬೆರಳುಗಳು ಸೊಟ್ಟ. ಆ ಬೆರಳುಗಳಿಂದಲೇ ಅವರು ತಮ್ಮ ಗ್ಯಾರೇಜಿನಲ್ಲಿ ಹರಿದ ಸಿಂಹಗಳನ್ನು ರಿಪೇರಿ ಮಾಡುತ್ತಿದ್ದರು. ಹ್ಯೂಸ್ಟನ್ನಿನಲ್ಲಿ ಅವರ ತಮ್ಮ ಲಾಮ್ ಅವರದೊಂದು ಸಿಂಹನೃತ್ಯದ ತಂಡವಿತ್ತು. ಅದು ೨೦೧೪, ಚೀನೀಯರ ಕುದುರೆ ವರ್ಷ ಹುಟ್ಟಿ ಒಂದೇ ದಿನವಾಗಿತ್ತು. ಮಧ್ಯಾಹ್ನದ ಕುಣಿತಕ್ಕೆ ತಲೆ ತಲುಪಬೇಕಿತ್ತು.

ಹಿಂದಿನ ಸಂಜೆ ಡಾಲಸ್ಸಿನಲ್ಲಿ ಚೀನೀ ದೀಪಗಳ ಪ್ರದರ್ಶನ ನೋಡಿದ್ದೆವು. ಅಲ್ಲೊಂದು ಡ್ರಾಗನ್, ಮೈಯೆಲ್ಲ ಪಿಂಗಾಣಿಯದು: ಹುರುಪೆಗಳ ಜಾಗದಲ್ಲಿ ಕಪ್ಪು, ಬಸಿ, ತಟ್ಟೆ, ಚಮಚ. ಏಣಿ ಮೇಲೆ ನಿಂತ ಇಬ್ಬರು ಕೆಲಸಗಾರರು ಸಡಿಲವಾದ ತಟ್ಟೆಗಳನ್ನು ದಾರದಿಂದ ಮತ್ತೆ ಬಿಗಿಯುತ್ತಿದ್ದರು. ಅಷ್ಟು ಗಾಳಿಗೂ ಒಂದು ಬಸಿ ಕದಲಲಿಲ್ಲ. ಈ ಜನ ಕಟ್ಟಿದ್ದು ಬಿಚ್ಚುವುದಿಲ್ಲ ಅಂದುಕೊಂಡೆ. ಒಂದು ಸಂಜೆಯಲ್ಲಿ ಒಂದು ದೇಶ ಅರ್ಥವಾಯಿತೆಂಬ ಖುಷಿ ನನಗೆ.

ಹ್ಯೂಸ್ಟನ್ನಿಗೆ ಇನ್ನೂರ ನಲವತ್ತು ಮೈಲಿ. ದಾರಿಯುದ್ದ ಮೋಡ, ಒಣಹುಲ್ಲು, ಟ್ರಕ್ಕುಗಳು. ಮಿಸೆಸ್ ಚಾನ್ ಡಬ್ಬಿಯಿಂದ ಎಳ್ಳು ಹೊರಳಿಸಿ ಕರಿದ ಉಂಡೆ ಕೊಟ್ಟರು. ಒಳಗೆ ಕೆಂಪು ಅಲಸಂದೆಯಂಥ ಕಾಳಿನ ಸಿಹಿ ಹೂರಣ. ಕಡುಬಿನ ನೆನಪಾಗಿ ನಾನು ಮೂರು ತಿಂದೆ.

ಹನ್ನೊಂದಕ್ಕೆ ತಲುಪಿದೆವು. ಅಂಗಡಿ ಸಾಲಿನ ಬೋರ್ಡುಗಳೆಲ್ಲ ಚೀನೀ ಅಕ್ಷರದವು; ಹಲ್ಲಿನ ಡಾಕ್ಟರದ್ದು, ಬಾತುಕೋಳಿ ಹುರಿದು ನೇತುಹಾಕಿದವರದ್ದು, ಪೋಸ್ಟರ್ ಮಾರುವವರದ್ದು. ಪೋಸ್ಟರುಗಳಲ್ಲಿ ಹಾಂಗ್‌ಕಾಂಗಿನ ಹಳೆಯ ಕುಂಗ್‌ಫು ನಟರು ಅಂಗಿಯಿಲ್ಲದೆ ಸಿಟ್ಟಾಗಿದ್ದರು. ಲಾಮ್ ಅವರು ಡೋಲಿಗೆ ಚರ್ಮ ಬಿಗಿಯುತ್ತಿದ್ದರು. ತೆಳ್ಳಗಿನ, ನಗದ ಮನುಷ್ಯ. ನಾನು ಮನಸ್ಸಿನಲ್ಲೇ ಅವರನ್ನು ಮೇಷ್ಟ್ರು ಅಂದೆ. ಸಿಂಹದ ತಲೆ ಹೊರುವವಳು ಅವರ ಮಗಳು ಕೇಟಿ. ಬಾಲವಾಗಿ ಬಗ್ಗಿ ಕುಣಿಯುವವನು ಅವಳ ಅಣ್ಣ ಡ್ಯಾನಿ. ಇಬ್ಬರೂ ಮೂವತ್ತರ ಆಸುಪಾಸಿನವರು. ಇಪ್ಪತ್ತು ವರ್ಷದಿಂದ ಒಂದೇ ಸಿಂಹವಂತೆ.

“ತಲೆಗೆ ಚಪ್ಪಾಳೆ, ಬಾಲಕ್ಕೆ ಬೆನ್ನುನೋವು,” ಎಂದ ಡ್ಯಾನಿ.

“ಬಾಲ ಏನೂ ನೋಡಲ್ಲ, ಬರೀ ನನ್ನ ಸೊಂಟದ ಪಟ್ಟಿ ಹಿಡ್ಕೊಂಡಿರತ್ತೆ,” ಎಂದಳು ಕೇಟಿ.

ಪದ್ಧತಿ ಹೀಗೆ. ಅಂಗಡಿಯ ಬಾಗಿಲ ಮೇಲೆ ಲೆಟಿಸ್ ಎಂಬ ಕೋಸಿನಂಥ ಸೊಪ್ಪಿನ ಗೆಡ್ಡೆಯನ್ನು ಕೆಂಪು ಲಕೋಟೆಯ ಜೊತೆ ನೇತುಹಾಕುತ್ತಾರೆ. ತಲೆಯವಳು ಬಾಲದವನ ಭುಜ ಹತ್ತಿ, ಸಿಂಹದ ಬಾಯೊಳಗಿಂದ ಕೈ ಚಾಚಿ ಅದನ್ನು ಕೀಳಬೇಕು. ಎಲೆಗಳನ್ನು ಅಂಗಡಿಯವರ ಮೇಲೆ ಉಗುಳಬೇಕು. ಕೀಳದೆ ಹೋದರೆ ಆ ಅಂಗಡಿಗೆ ವರ್ಷವಿಡೀ ಒಳ್ಳೆಯದಾಗುವುದಿಲ್ಲವೆಂಬ ನಂಬಿಕೆ. ಮಿಸೆಸ್ ಚಾನ್ ಸೊಪ್ಪನ್ನೂ ಕೆಂಪು ನೈಲಾನ್ ಹಗ್ಗವನ್ನೂ ನನ್ನ ಕೈಗೆ ಕೊಟ್ಟು, “ನನ್ನ ಬೆರಳು ಬಗ್ಗುತ್ತಿಲ್ಲ. ನೀನು ಕಟ್ಟು,” ಎಂದರು. ಹೇಗೆಂದು ಹೇಳಲಿಲ್ಲ. ಅವರ ಕಡೆ ಅದನ್ನು ಯಾರಿಗೂ ಹೇಳಬೇಕಾಗಿಲ್ಲ.

ನಮ್ಮ ಬೀದಿಯಲ್ಲಿ ಕೃಷ್ಣಾಷ್ಟಮಿಗೆ ಮೊಸರುಕುಡಿಕೆ ಕಟ್ಟುತ್ತಿದ್ದವರು ನನ್ನ ಅಪ್ಪ. ಕುಡಿಕೆ ಸುಲಭಕ್ಕೆ ಸಿಗಬಾರದು, ಅದರಲ್ಲೇ ಆಟ. ಅವರಿಂದ ಕಲಿತ ಕಟ್ಟು ನನಗೆ ಗೊತ್ತಿತ್ತು. ಬುಡಕ್ಕೆ ಮೂರು ಸುತ್ತು, ಅಡ್ಡ ಒಂದು, ಮೇಲೆ ಎರಡು ಗಂಟು. ಕಟ್ಟಿದ ಮೇಲೆ ನೇತಾಡಿಸಿ ಎಳೆದು ನೋಡಿದೆ. ಕದಲಲಿಲ್ಲ. ಏಣಿಯಿಂದ ಇಳಿದಾಗ ನನಗೆ ಹೆಮ್ಮೆಯಿತ್ತು.

ಸಣ್ಣಗೆ ಹನಿಯುತ್ತಿತ್ತು. ಡೋಲು ಶುರುವಾಯಿತು. ಸಿಂಹ ಮೂಸಿತು, ಹೆದರಿತು, ರೆಪ್ಪೆ ಮಿಟುಕಿಸಿತು. ಮಕ್ಕಳು ಕಿರುಚಿ ನಕ್ಕರು. ನಾನು ಎದುರಿಗೇ ಫೋನ್ ಹಿಡಿದು ನಿಂತಿದ್ದೆ. ಕೇಟಿ ಡ್ಯಾನಿಯ ಭುಜ ಹತ್ತಿದಳು. ಸಿಂಹದ ಬಾಯಿಂದ ಎರಡು ಪುಟ್ಟ ಕೈಗಳು ಬಂದವು, ಬೆರಳುಗಳಿಗೆ ಬಿಳಿ ಪಟ್ಟಿ ಸುತ್ತಿದ್ದವು. ಸೊಪ್ಪು ಹಿಡಿದು ಎಳೆದವು. ಬರಲಿಲ್ಲ. ಮತ್ತೆ ಎಳೆದವು. ಮೇಷ್ಟ್ರು ಆಕೆಗೆ ಸಮಯ ಸಿಗಲೆಂದು ಡೋಲಿನ ಬಡಿತ ಉದ್ದ ಮಾಡಿದರು. ಜನ ಇದೂ ಆಟವೆಂದು ಚಪ್ಪಾಳೆ ತಟ್ಟಿದರು. ಮೂರನೆಯ ಸಲ ಆ ಕೈಗಳು ಮೈಭಾರವನ್ನೆಲ್ಲ ಹಾಕಿದವು. ಎಲೆ ಹರಿದು ಬಂತು, ಬುಡ ಬರಲಿಲ್ಲ. ಹಿಡಿ ಎಲೆಯೊಂದಿಗೆ ಕೇಟಿ ಹಿಂದಕ್ಕೆ ಬಿದ್ದಳು. ಕೆಳಗಿದ್ದ ಸಿಮೆಂಟ್ ಮೆಟ್ಟಿಲಿನ ಅಂಚಿಗೆ ಬಲ ಹಿಮ್ಮಡಿ ಬಡಿಯಿತು. ಆ ಸದ್ದು ಡೋಲಿನ ಸದ್ದಿನಲ್ಲೂ ಕೇಳಿಸಿತು. ಇದನ್ನು ಬರೆಯುವಾಗಲೂ ಕೇಳಿಸುತ್ತಿದೆ.

ಆಂಬುಲೆನ್ಸ್ ಹೋದ ಮೇಲೆ ಮೇಷ್ಟ್ರು ಏಣಿ ಹತ್ತಿ ಉಳಿದ ಬುಡವನ್ನು ಚಾಕುವಿನಿಂದ ಕತ್ತರಿಸಿದರು. ಗಂಟನ್ನು ಒಂದು ಕ್ಷಣ ನೋಡಿ ಜೇಬಿಗೆ ಹಾಕಿಕೊಂಡರು. ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ಡ್ಯಾನಿ ಗೋಡೆಗೆ ತಲೆಯಾನಿಸಿ ಕೂತಿದ್ದ. ಹಿಮ್ಮಡಿ ಮೂಳೆ ಚೂರಾಗಿದೆ, ಆಪರೇಷನ್ ಮಾಡಬೇಕು ಎಂದಿದ್ದರು. “ನನ್ನ ಭುಜ ಅಲ್ಲಾಡಿತು,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. “ನಾನು ಸರಿಯಾಗಿ ನಿಂತಿದ್ದರೆ ಬೀಳುತ್ತಿರಲಿಲ್ಲ.” ನನಗೂ ಹೇಳಿದ. ನಾನು ಅವನ ಬೆನ್ನು ಸವರಿದೆ. ಅದಕ್ಕಿಂತ ಕೆಟ್ಟ ಕೆಲಸ ನಾನು ಆ ಪ್ರಯಾಣದಲ್ಲಿ ಇನ್ನೊಂದು ಮಾಡಲಿಲ್ಲ.

ಭಾನುವಾರ ಆಸ್ಟಿನ್. ಅಲ್ಲಿ ರೇಖಾಗೆ ಬೇಕಾದ ಶಾಂತಾ ಆಂಟಿಯ ಮನೆಯಲ್ಲಿ ಉಳಿಯುವುದೆಂದು ಮೊದಲೇ ನಿಶ್ಚಯವಾಗಿತ್ತು. ಅದೇ ದಿನ ಅಲ್ಲಿ ತಂಡದ ಕುಣಿತವೂ ಇತ್ತು. ಒಪ್ಪಿದ ಅಂಗಡಿಯ ಬಾಗಿಲಿಗೆ ಸಿಂಹ ಹೋಗದೆ ಇರುವ ಹಾಗಿಲ್ಲ. ತಲೆಯನ್ನು ನಿಮ್ಮ ವ್ಯಾನಿನಲ್ಲೇ ತರುತ್ತೀರಾ ಎಂದು ಮೇಷ್ಟ್ರು ಕೇಳಿದ್ದರು. ಮಿಸೆಸ್ ಚಾನ್ ಕೇಟಿಯ ಹತ್ತಿರ ಉಳಿದರು. ನೂರ ಅರವತ್ತೈದು ಮೈಲಿ ರೇಖಾ ತಮಾಷೆ ಮಾಡಲಿಲ್ಲ. ಹಿಂದಿನ ಸೀಟಿನಲ್ಲಿ ಸಿಂಹದ ಒಂದು ಕಿವಿ ಮುರಿದು ಜೋತುಬಿದ್ದಿತ್ತು.

ಆಸ್ಟಿನ್ನಿನ ಉತ್ತರಕ್ಕಿದ್ದ ಚೀನೀ ಮಾಲ್‌ನಲ್ಲಿ ಮೇಷ್ಟ್ರು ಏಣಿ ಮೇಲೆ ನಿಂತು ತಾವೇ ಸೊಪ್ಪು ಕಟ್ಟುತ್ತಿದ್ದರು. ಒಂದೇ ಕುಣಿಕೆ, ಒಂದು ತುದಿ ಸಡಿಲ. ಬೆರಳಲ್ಲಿ ಮುಟ್ಟಿದರೆ ಸೊಪ್ಪು ಕೈಗೆ ಬಂತು. ಮತ್ತೆ ಕಟ್ಟಿದರು. ಕೀಳುವವರ ಕೈಗೆ ಬರಲೆಂದೇ ಕಟ್ಟುವ ಕಟ್ಟು ಅದು.

“ನಿನ್ನೆ ಕಟ್ಟಿದ್ದು ನಾನು,” ಎಂದೆ ಕೆಳಗಿನಿಂದ.

“ಗೊತ್ತು. ನಮ್ಮವರು ಯಾರೂ ಹಾಗೆ ಕಟ್ಟುವುದಿಲ್ಲ.” ಅವರು ಇಳಿದು ಬಂದು ಜೇಬಿನಿಂದ ಕೆಂಪು ಗಂಟನ್ನು ತೆಗೆದರು. “ನನಗೆ ಯಾಕೆ ಹೇಳುತ್ತೀರಿ? ನಾನು ರಾತ್ರಿ ನಿದ್ದೆ ಮಾಡಿದೆ. ನಿದ್ದೆ ಮಾಡದವನು ಹ್ಯೂಸ್ಟನ್ನಿನಲ್ಲಿದ್ದಾನೆ.”

“ನೀವು ಅವನಿಗೆ ಹೇಳಲಿಲ್ಲವೇ?”

“ಹೇಳಿದೆ. ಅಪ್ಪ ಸಮಾಧಾನಕ್ಕೆ ಹೇಳುತ್ತಿದ್ದಾನೆ ಅನ್ನುತ್ತಾನೆ.” ಗಂಟನ್ನು ನನ್ನ ಅಂಗೈಯಲ್ಲಿಟ್ಟು ಅವರು ಡೋಲಿನ ಕಡೆಗೆ ಹೋದರು. ಬೇರೆ ಇಬ್ಬರು ಕುಣಿದರು. ನಾನು ನೋಡಲಿಲ್ಲ, ಬೆನ್ನು ತಿರುಗಿಸಿ ನಿಂತಿದ್ದೆ.

ಶಾಂತಾ ಆಂಟಿ ಧಾರವಾಡದವರು, ಎಲುಬಿನ ಡಾಕ್ಟರ್ ಆಗಿದ್ದು ರಿಟೈರ್ ಆದವರು. ಜೋಳದ ರೊಟ್ಟಿ ಬಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ನಡೀತಾಳ್ರಿ, ಆ ಚಿಂತಿ ಬ್ಯಾಡ,” ಎಂದರು. “ಆದ್ರ ಹಿಮ್ಮಡಿ ಅಂದ್ರ ಮೈಭಾರ ಹೊರೋ ಎಲುಬು. ಭುಜದ ಮ್ಯಾಲೆ ಹತ್ತಿ ಜಿಗಿಯೋದು ಇನ್ನ ಆಗಂಗಿಲ್ಲ. ನಿಮಗ ಸುಳ್ಳು ಹೇಳಿ ಏನು ಮಾಡ್ಲಿ?”

ಸೋಮವಾರ ಹ್ಯೂಸ್ಟನ್ನಿಗೆ ವಾಪಸ್ ಹೋಗಬೇಕೆಂದೆ. “ನಂಗೆ ಆಫೀಸ್ ಇದೆ ಕಣೇ,” ಎಂದಳು ರೇಖಾ. “ಫೋನ್ ಮಾಡಿ ಹೇಳಿಬಿಡು.”

“ಫೋನಿನ್ಯಾಗ ಗಂಟು ತೋರಸ್ಲಿಕ್ಕೆ ಬರ್ತದೇನು?” ಎಂದರು ಆಂಟಿ, ತಟ್ಟೆ ಎತ್ತುತ್ತ.

ರೇಖಾ ಫೋನ್ ತೆಗೆದು ರಜೆಗೆ ಮೆಸೇಜ್ ಮಾಡಿದಳು.

ಸೋಮವಾರ ಹನ್ನೊಂದರ ಹೊತ್ತಿಗೆ ಅದೇ ಕಾರಿಡಾರ್. ಆಪರೇಷನ್ ಮುಗಿದು ಕೇಟಿ ನಿದ್ದೆಯಲ್ಲಿದ್ದಳು, ಮಿಸೆಸ್ ಚಾನ್ ಒಳಗಿದ್ದರು. ಡ್ಯಾನಿ ಅದೇ ಕುರ್ಚಿಯಲ್ಲಿ, ಅದೇ ಅಂಗಿಯಲ್ಲಿ. ನಾನು ಪಕ್ಕದಲ್ಲಿ ಕೂತು ಗಂಟನ್ನು ಅವನ ಕೈಗೆ ಕೊಟ್ಟೆ. ನಮ್ಮೂರಿನ ಕುಡಿಕೆಯ ವಿಷಯ ಹೇಳಿದೆ. ಸಿಗಬಾರದೆಂದು ಕಟ್ಟುವುದೇ ನನಗೆ ಗೊತ್ತಿದ್ದ ಕಟ್ಟು ಎಂದೆ.

“ನನ್ನ ಭುಜ?” ಎಂದು ಕೇಳಿದ.

“ಅಲ್ಲಾಡಲಿಲ್ಲ. ನಾನು ಎದುರಿಗಿದ್ದೆ. ಫೋನಿನಲ್ಲೂ ಇದೆ, ನೋಡು.”

ಅವನು ನೋಡಿದ, ಎರಡು ಸಲ. ಫೋನ್ ವಾಪಸ್ ಕೊಟ್ಟ. “ಶನಿವಾರವೇ ಹೇಳಬಹುದಿತ್ತು,” ಎಂದ. ಹೌದು ಎಂದೆ.

ಡಾಲಸ್ಸಿಗೆ ಮತ್ತೆ ಇನ್ನೂರ ನಲವತ್ತು ಮೈಲಿ ಇತ್ತು. ರೇಖಾ ಲಿಫ್ಟಿನ ಬಳಿ ಕಾಯುತ್ತಿದ್ದಳು. ಬಾಗಿಲು ತೆರೆದಾಗ ತಿರುಗಿ ನೋಡಿದೆ. ಡ್ಯಾನಿ ಬಗ್ಗಿ ಕೂತು ಆ ಗಂಟನ್ನು ಉಗುರಿನಿಂದ ಬಿಡಿಸಲು ನೋಡುತ್ತಿದ್ದ. ಬರಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿದ, ಆಮೇಲೆ ಹಲ್ಲಿನಲ್ಲಿ ಕಚ್ಚಿ ಎಳೆದ.