ಕಾಡುಗೋಡಿಯಾಚೆಗೆ ಬಂದ ಜೀಪು

ನನಗೂ ನನ್ನ ತಂಗಿಗೂ ಒಂದೇ ವರ್ಷ ಬಸಿರು. ನನಗೆ ಮೊದಲನೆಯದು, ಅವಳಿಗೆ ಮೂರನೆಯದು. ಎಂಬತ್ತರ ದಶಕದ ಆರಂಭ ಅದು. ನಾನು ನಮ್ಮ ಯಜಮಾನರು ಕೆಲಸಕ್ಕಿದ್ದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆ. ಅವಳನ್ನು ಕಾಡುಗೋಡಿಯಿಂದಾಚೆಯ ಹಳ್ಳಿಗೆ ಕೊಟ್ಟಿದ್ದರು. ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಅಷ್ಟೇ.

ಕಾರ್ಖಾನೆಯ ಆಸ್ಪತ್ರೆಯಲ್ಲಿ ತಿಂಗಳು ತಿಂಗಳೂ ನನ್ನ ತೂಕ, ರಕ್ತ, ಬಿ.ಪಿ. ನೋಡುತ್ತಿದ್ದರು. ಒಮ್ಮೆ ತಪ್ಪಿಸಿದ್ದಕ್ಕೆ ನರ್ಸಮ್ಮ ಚೆನ್ನಾಗಿ ಬೈದಿದ್ದರು. ತಂಗಿಯ ನಾಡಿ ಹಿಡಿದು ನೋಡಿದವರೂ ಇರಲಿಲ್ಲ. ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. "ಹೆಂಡ್ತಿ ಮಕ್ಳಿಗೆ ಮಾತ್ರ ಮೇಡಂ, ತಂಗಿ ಬರಲ್ಲ" ಎಂದ ಕೌಂಟರಿನವನು. ಎದುರಿಗೆ ಏಳು ತಿಂಗಳ ಹೊಟ್ಟೆ ಕಾಣುತ್ತಿತ್ತು, ಅವನು ಪುಸ್ತಕದಲ್ಲಿ ಹೆಸರು ಹುಡುಕುತ್ತಿದ್ದ.

ನನಗೆ ಕೊಟ್ಟ ರಕ್ತ ಹೆಚ್ಚಿಸುವ ಮಾತ್ರೆಗಳಲ್ಲಿ ಅರ್ಧ ಉಳಿಸಿ ಅವಳಿಗೆ ಕೊಟ್ಟೆ. ಮುಂದಿನ ಸಲ ಹೋದಾಗ ಪೊಟ್ಟಣ ಗೋಡೆಯ ಗೂಡಿನಲ್ಲಿ ಬಿಚ್ಚದೆ ಬಿದ್ದಿತ್ತು.

"ಮಾತ್ರೆ ನುಂಗುದ್ರೆ ಮಗ ದಪ್ಪ ಆಯ್ತದೆ ಕಣವ್ವ," ಎಂದರು ಅವಳ ಅತ್ತೆ. "ಎರೋವಾಗ ನೀನ್ ಬಂದು ಈಚೆಗೆಳೀತೀಯಾ?"

ಅದೇ ಭಯಕ್ಕೆ ಮುದ್ದೆಯನ್ನೂ ಅರ್ಧಕ್ಕಿಳಿಸಿದ್ದರು. ನನಗೆ ಸಿಟ್ಟು ನೆತ್ತಿಗೇರಿತು, ಜಗಳವಾಡಿಯೇ ಬಂದೆ. ಈಗ ಯೋಚಿಸಿದರೆ ಆಕೆ ಕೇಳಿದ್ದು ತಪ್ಪೇನಲ್ಲ. ಮಗು ಸಿಕ್ಕಿಕೊಂಡರೆ ಬರುವವರು ಯಾರಿದ್ದರು?

ತಂಗಿಗೆ ಹೆರಿಗೆ ಮನೆಯಲ್ಲೇ ಆಯಿತು. ಮಗು ಉಳಿಯಿತು, ರಕ್ತ ನಿಲ್ಲಲಿಲ್ಲ. ಅವಳ ಗಂಡ ಸೈಕಲ್ ತುಳಿದು ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿನ ಜೀಪಿಗೆ ಡೀಸೆಲ್ ಇಲ್ಲ ಎಂದರಂತೆ. ಸೂಲಗಿತ್ತಿ ಹೊಟ್ಟೆ ಒತ್ತಿ ಹಿಡಿದು ಕೂತು ಹೇಗೋ ಜೀವ ಉಳಿಸಿದಳು.

ಐದು ತಿಂಗಳಿಗೆ ಅದೇ ಜೀಪು ಬಾಗಿಲಿಗೇ ಬಂತು. ಅವತ್ತು ನಾನೂ ನನ್ನ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಹೋಗಿದ್ದೆ. ಮಕ್ಕಳಾಗದ ಹಾಗೆ ಆಪರೇಷನ್ ಮಾಡುವ ಶಿಬಿರವಂತೆ. "ಮೂರಾಯ್ತಲ್ಲಕ್ಕಾ, ಹತ್ತಿ ಹತ್ತಿ" ಎಂದು ಜೀಪಿನಲ್ಲಿ ಬಂದವರು ಅವಸರ ಮಾಡಿದರು. ಅವತ್ತು ಇಲ್ಲದ ಡೀಸೆಲ್ ಇವತ್ತು ಎಲ್ಲಿಂದ ಬಂತೋ! ನಾನೂ ಜೊತೆಗೆ ಹತ್ತಿದೆ.

ಶಿಬಿರದಲ್ಲಿ ಬೆರಳು ಚುಚ್ಚಿ ಅವಳ ರಕ್ತ ನೋಡಿದರು. ಮೂರು ಬಸಿರು, ಮೂರು ಬಾಣಂತನದಲ್ಲಿ ಒಮ್ಮೆಯೂ ಯಾರೂ ನೋಡದ ರಕ್ತ.

"ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮಾ, ಆಪರೇಷನ್ ಆಗಲ್ಲ. ಇಷ್ಟು ದಿನ ಏನ್ಮಾಡ್ತಿದ್ದೆ?" ಎಂದು ಡಾಕ್ಟರು ಅವಳನ್ನೇ ಗದರಿಸಿದರು.

"ನೀವೇನ್ಮಾಡ್ತಿದ್ರಿ ಸಾರ್?" ಎಂದೆ. ಅವರು ಮುಂದಿನವಳನ್ನು ಕರೆದರು.

ಹೊರಗೆ ಬಂದು ಜೀಪು ಹತ್ತಲು ಹೋದರೆ ಡ್ರೈವರ್ ಕೈ ಅಡ್ಡ ಹಿಡಿದ. "ಆಪರೇಷನ್ ಆದೋರಿಗೆ ಮಾತ್ರ ಅಕ್ಕಾ."

ಇಬ್ಬರೂ ಮಕ್ಕಳನ್ನು ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ನಡೆದೆವು. ದಾರಿಯಲ್ಲಿ ತಂಗಿ ತಲೆ ಸುತ್ತಿ ಎರಡು ಸಲ ಕೂತಳು. ಎರಡನೆಯ ಸಲ ಅವಳನ್ನು ಎಬ್ಬಿಸುತ್ತಿದ್ದಾಗ ಜೀಪು ನಮ್ಮನ್ನು ದಾಟಿ ಅವಳ ಊರಿನ ಕಡೆಗೇ ಹೋಯಿತು.